ಅಂಗಡಿ ಬಾಗಿಲ ತಳವಾರ

ಹಿಂದೆ ಊರು ಕಾಯೋದು ತಳವಾರನ ಕೆಲಸ. ಅವನು ಯಾರ ಮಾತು ಕೇಳ್ತಾನೆ ಅನ್ನೋದು ಊರಿಗೆಲ್ಲ ಗೊತ್ತಿತ್ತು. ಈಗ ನಮ್ಮ ಬೇರಿಕೆಯ ಅಂಗಡಿಗಳಲ್ಲೂ ಕ್ಯಾಮೆರಾ ಕಾಯುತ್ತಿದೆ. ಅದು ಯಾರ ಮಾತು ಕೇಳುತ್ತೆ ಅಂದರೆ ಅಂಗಡಿಯವರಿಗೇ ಗೊತ್ತಿರೋದಿಲ್ಲ.

ಕ್ಯಾಮೆರಾ ಬರೀ ಗಾಜಿನ ಕಣ್ಣಲ್ಲ, ಒಳಗೊಂದು ಪುಟ್ಟ ಕಂಪ್ಯೂಟರ್ ಇದೆ. ನೆಟ್‌ವರ್ಕಿಗೆ ನೇರ ಸೇರುವ ಮೊದಲ ಕ್ಯಾಮೆರಾವನ್ನು 1996ರಲ್ಲಿ ಸ್ವೀಡನ್ನಿನ ಆಕ್ಸಿಸ್ ಕಂಪನಿ ತಂದಿತು. 1999ರಲ್ಲಿ ಅದೇ ಕಂಪನಿ ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಇರುವ ಕ್ಯಾಮೆರಾ ಮಾರಿತು. ಲಿನಕ್ಸ್ ನಮಗೇನೂ ಹೊಸದಲ್ಲ. ತಮಿಳುನಾಡು ಸರ್ಕಾರ ನಮ್ಮ ಮಕ್ಕಳಿಗೆ ಕೊಟ್ಟ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಪಕ್ಕ 'ಬಾಸ್' ಅಂತ ಇತ್ತಲ್ಲ, ಅದೂ ಲಿನಕ್ಸೇ. ತೆರೆದು ನೋಡಿದವರು ಕಡಿಮೆ, ಆ ಮಾತು ಬೇರೆ.

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಶುರುಮಾಡಿದ ಲಿನಕ್ಸಿಗೆ ಕಾಸು ಕೊಡಬೇಕಿಲ್ಲ, ಆದರೆ ಒಂದು ಕರಾರಿದೆ. ಅದನ್ನು ತಿದ್ದಿ ಮಾರುವವರು ತಿದ್ದಿದ ಮೂಲ ಬರಹವನ್ನೂ ಕೊಂಡವರಿಗೆ ಕೊಡಬೇಕು. ಅಗ್ಗದ ಕ್ಯಾಮೆರಾ ಮಾಡಿದ ಎಷ್ಟೋ ಜನ ಲಿನಕ್ಸ್ ತಗೊಂಡರು, ಕರಾರು ಮರೆತರು.

ಒಳಗೇನಿದೆ ಅಂತ ಕೊಂಡವರಿಗೆ ಕಾಣದಿದ್ದರೆ ಏನಾಗುತ್ತೆ ಅನ್ನೋದು 2016ರಲ್ಲಿ ತಿಳಿಯಿತು. ಮಿರಾಯ್ ಅನ್ನೋ ದುಷ್ಟ ತಂತ್ರಾಂಶ, ಕಾರ್ಖಾನೆಯಲ್ಲೇ ಇಟ್ಟಿದ್ದ 60ಕ್ಕೂ ಹೆಚ್ಚು ಹೆಸರು-ಪಾಸ್‌ವರ್ಡುಗಳನ್ನು ಒಂದೊಂದಾಗಿ ಹಾಕಿ ನೋಡುತ್ತ ಲಕ್ಷಗಟ್ಟಲೆ ಕ್ಯಾಮೆರಾ, ರೂಟರುಗಳಿಗೆ ನುಗ್ಗಿತು. ಅಕ್ಟೋಬರ್ 21ರಂದು ಅಂಥ ಯಂತ್ರಗಳ ದಂಡು ಅಮೆರಿಕದ ಡಿನ್ ಕಂಪನಿಯ ಮೇಲೆ ಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್ ಎಷ್ಟೋ ಕಡೆ ನಿಂತುಹೋದವು. ಕೆಲವು ಕ್ಯಾಮೆರಾಗಳ ಒಳ ಪಾಸ್‌ವರ್ಡನ್ನು ಕೊಂಡವರು ಬದಲಾಯಿಸೋಕೇ ಆಗುತ್ತಿರಲಿಲ್ಲ.

ರೂಟರ್ ವಿಷಯದಲ್ಲಿ ಮೊದಲೇ ಜಗಳ ಆಗಿತ್ತು. 2003ರಲ್ಲಿ ಲಿಂಕ್ಸಿಸ್ ರೂಟರಿನಲ್ಲಿ ಲಿನಕ್ಸ್ ಇದೆ ಅಂತ ಕಂಡುಹಿಡಿದವರು ಪಟ್ಟುಹಿಡಿದು ಮೂಲ ಬರಹ ಬಿಡಿಸಿಕೊಂಡರು. ಅದರಿಂದ 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು. ಆಮೇಲೆ ಕ್ಯಾಮೆರಾಗೂ ಅಂಥದ್ದೇ ಓಪನ್‌ಐಪಿಸಿ ಬಂತು. ಹೈಸಿಲಿಕಾನ್, ಇಂಜೆನಿಕ್ ಮುಂತಾದ ಚಿಪ್ಪುಗಳಿರುವ ಹಲವು ಕ್ಯಾಮೆರಾಗಳಲ್ಲಿ ಹಳೇ ತಂತ್ರಾಂಶ ಅಳಿಸಿ ಇದನ್ನು ತುಂಬಬಹುದು. ಆಗ ನಮ್ಮ ಚಿತ್ರ ಕಂಪನಿಯ ಸರ್ವರಿಗೆ ಹೋಗಿ ಬರಬೇಕಿಲ್ಲ. ತುಂಬುವಾಗ ಕರೆಂಟ್ ಹೋದರೆ ಮಾತ್ರ ಕ್ಯಾಮೆರಾ ಕೆಟ್ಟೀತು, ನಮ್ಮ ಕಡೆ ಇದು ಸಣ್ಣ ಮಾತಲ್ಲ. ಚಿತ್ರವನ್ನು ಹದ ಮಾಡುವ ಭಾಗ ಇನ್ನೂ ಚಿಪ್ ಕಂಪನಿಯವರ ಗುಟ್ಟು. ಹಾಗಾಗಿ ಇದು ಪೂರ್ತಿ ಮುಕ್ತ ಅಂದರೆ ನಾನು ಒಪ್ಪಲ್ಲ.

ಕೇಂದ್ರ ಸರ್ಕಾರ 2024ರ ಏಪ್ರಿಲ್‌ನಲ್ಲಿ ನಿಯಮ ತಂದು, ಮರುವರ್ಷದಿಂದ ಕ್ಯಾಮೆರಾ ಕಂಪನಿಗಳು ಮೂಲ ಬರಹವನ್ನು ಲ್ಯಾಬಿನ ಪರೀಕ್ಷೆಗೆ ಒಪ್ಪಿಸಬೇಕು ಅಂದಿತು. ಒಳ್ಳೇದೇ. ಆದರೆ ನೋಡೋದು ಲ್ಯಾಬಿನವರು, ಕೊಂಡವರಲ್ಲ. ಅದಕ್ಕೆ ಮುಂಚೆ ಹಾಕಿಸಿದವು ಗೋಡೆ ಮೇಲೆ ಹಾಗೇ ಇವೆ. ಅವುಗಳ ಪಾಸ್‌ವರ್ಡು ಕ್ಯಾಮೆರಾ ಕಟ್ಟಿಹೋದ ಹುಡುಗನ ಹತ್ತಿರವೇ ಇದ್ದರೆ, ಈ ವಾರವೇ ಕೇಳಿ ಇಸಕೊಂಡು ಬದಲಾಯಿಸಿ.