ದುಂಡು ಮೈಯ ಕಟ್ಟುಪಾಡು: ಚನ್ನಪಟ್ಟಣದ ಅರಗಿನ ಕೆಲಸ ಮತ್ತು ಇಂದಿನ ಪೀಠೋಪಕರಣ ವಿನ್ಯಾಸ

ಚನ್ನಪಟ್ಟಣದ ಮರಗೆಲಸವನ್ನು ಕುರಿತ ಚರ್ಚೆ ಬಹುಪಾಲು ಆಟಿಕೆಯಲ್ಲೇ ನಿಲ್ಲುತ್ತದೆ. 2005-06ರ ಭೌಗೋಳಿಕ ಸೂಚಿಯ ನೋಂದಣಿ ಕೂಡ ಆಟಿಕೆ ಮತ್ತು ಗೊಂಬೆಗಳ ಹೆಸರಿನಲ್ಲೇ ಇದೆ. ಪೀಠೋಪಕರಣದ ಮಾತು ಬಂದಾಗ, ವಿನ್ಯಾಸಕಾರರು ರೂಪವನ್ನು ಮೊದಲೇ ನಿರ್ಧರಿಸಿ ಬಣ್ಣಕ್ಕಷ್ಟೇ ಕುಶಲಕರ್ಮಿಯ ಬಳಿ ಬರುವುದುಂಟು. ತೊಡಕು ಶುರುವಾಗುವುದೇ ಅಲ್ಲಿ.

ಈ ಬಣ್ಣ ಕುಂಚದಿಂದ ಏರುವುದಿಲ್ಲ. ಚೆನ್ನಾಗಿ ಒಣಗಿದ ಆಲೆ ಮರದ ತುಂಡು ಲೇತಿನಲ್ಲಿ ಗಿರ್ರನೆ ಸುತ್ತುತ್ತಿರುವಾಗ, ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದರ ಮೈಗೆ ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಬಳಿಕ ಕೇದಗೆ ಗರಿಯನ್ನು ಒತ್ತಿ ಆಡಿಸಿದರೆ ಪದರ ಸಮನಾಗಿ ಹೊಳಪೇರುತ್ತದೆ. ಹಾಗಾಗಿ ಲೇತಿಗೆ ಕೂರದ ಚೌಕ ಹಲಗೆಗೆ ಈ ವಿಧಾನ ಒಗ್ಗದು. ಆಲೆ ಮರ ಬಿಳುಪು, ನವಿರು, ಕಡೆಯಲು ಹದ. ಆದರೆ ಕಾಂಡ ತೀರ ದಪ್ಪವಾಗದು.

ಗುಜರಾತಿನ ಸಂಖೇಡಾ ಇದೇ ಕಟ್ಟುಪಾಡಿನೊಳಗೆ ಕುರ್ಚಿ, ಉಯ್ಯಾಲೆ, ತೊಟ್ಟಿಲುಗಳ ಪರಂಪರೆಯನ್ನೇ ಕಟ್ಟಿದೆ. ಅಲ್ಲಿನ ಖರಾದಿಗಳು, ಅಂದರೆ ಮರ ಕಡೆಯುವ ಕುಶಲಕರ್ಮಿಗಳು, ಬಳಸುವುದು ತೇಗ. ಕಾಲು, ತೋಳು, ಒರಗು ಎಲ್ಲವೂ ಕಡೆದ ತುಂಡುಗಳೇ. ಅದರ ಚಿತ್ತಾರ ಇಂದಿನ ಕಣ್ಣಿಗೆ ಭಾರವೆನಿಸಬಹುದು, ನನಗೂ ಹಾಗೆಯೇ ಅನ್ನಿಸುತ್ತದೆ. ಆದರೂ ಅನುಕರಿಸಬೇಕಾದದ್ದು ಚಿತ್ತಾರವನ್ನಲ್ಲ, ದುಂಡು ತುಂಡುಗಳಿಂದಲೇ ಇಡೀ ಚೌಕಟ್ಟನ್ನು ನಿಲ್ಲಿಸುವ ಆ ತರ್ಕವನ್ನು.

ಅರಗು ಕಾವಿಗೆ ಮೆತ್ತಗಾಗುತ್ತದೆ, ಮದ್ಯಸಾರದಲ್ಲಿ ಕರಗುತ್ತದೆ. ಮೇಜಿನ ಮೇಲ್ಮೈಗೆ ಅದನ್ನು ಕೊಟ್ಟರೆ ಬಿಸಿ ಲೋಟದ ಗುರುತು ಬೀಳುವ ಸಂಭವವಿದೆ (ಕಾಫಿಯ ನಾಡಿನಲ್ಲಿ ಇದು ಸಣ್ಣ ಮಾತಲ್ಲ). ಆದ್ದರಿಂದ ಮೇಲ್ಮೈ ತೇಗದ್ದಾಗಲಿ. ಕಾಲು, ಅಡ್ಡಪಟ್ಟಿ, ಹಿಡಿಗಳಿಗೆ ಅರಗಿನ ಮರ ಬರಲಿ. ಚಪ್ಪಟೆ ಬಾಗಿಲಿಗೂ ಒಂದು ದಾರಿಯುಂಟು. 17ನೇ ಶತಮಾನದ ಇಂಗ್ಲೆಂಡಿನ ಬಡಗಿಗಳು ಕಡೆದ ಕಂಬವನ್ನು ಉದ್ದಕ್ಕೆ ಸೀಳಿ, ಅರೆದುಂಡು ಪಟ್ಟಿಗಳನ್ನು ಕಪಾಟಿನ ಮುಂಭಾಗಕ್ಕೆ ಅಂಟಿಸುತ್ತಿದ್ದರು. ಎರಡು ಪಟ್ಟಿಗಳ ನಡುವೆ ಕಾಗದವಿಟ್ಟು ಅಂಟಿಸಿ ಕಡೆದರೆ, ಆಮೇಲೆ ಬಿಡಿಸುವುದು ಸುಲಭ. ಅರಗು ಹತ್ತಿಸಿದ ಕಂಬವನ್ನು ಹೀಗೆ ಬಿಡಿಸುವಾಗ ಅಂಚು ಸಿಡಿಯದಂತೆ ನೋಡಿಕೊಳ್ಳಬೇಕಾಗುತ್ತದೆ. ಪ್ರಯೋಗ ನಡೆಯಬೇಕಾದದ್ದು ಇಲ್ಲಿ.

ನಕ್ಷೆಯಲ್ಲಿ ಜೋಡಣೆಯ ಜಾಗವನ್ನೂ ಮೊದಲೇ ಗುರುತಿಸಬೇಕು. ಅರಗು ಕೂತ ಮೈಗೆ ಮರದ ಅಂಟು ಗಟ್ಟಿಯಾಗಿ ಹಿಡಿಯದು. ಕಾಲಿನ ತುದಿಯಲ್ಲಿ ರಂಧ್ರದೊಳಗೆ ಕೂರುವ ಗೂಟದಷ್ಟು ಭಾಗವನ್ನು ಬಣ್ಣ ಸೋಕಿಸದೆ ಬರಿಮರವಾಗಿಯೇ ಬಿಡಬೇಕಾಗುತ್ತದೆ. ಆ ಅಳತೆ, ಮರ ಲೇತಿಗೇರುವ ಮೊದಲೇ ಕುಶಲಕರ್ಮಿಯ ಕೈಯಲ್ಲಿರಬೇಕು.