ಮುಟ್ಟು ನಿಲ್ಲುವ ಮುಂಚಿನ ವರ್ಷಗಳು: ದೇಹಕ್ಕೆ ಬೇಕಾದ ಆಸರೆ

ಹನ್ನೆರಡು ತಿಂಗಳ ಕಾಲ ಒಮ್ಮೆಯೂ ಮುಟ್ಟಾಗದಿದ್ದರೆ ಅದನ್ನು ವೈದ್ಯಶಾಸ್ತ್ರವು ಋತುಬಂಧವೆಂದು ಕರೆಯುತ್ತದೆ. ಭಾರತೀಯ ಸ್ತ್ರೀಯರಲ್ಲಿ ಇದು ಸರಾಸರಿ 46–47ರ ವಯಸ್ಸಿನಲ್ಲಿ ಬರುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ 51ರ ಆಸುಪಾಸಿನಲ್ಲಿ. ಆದರೆ ಇದು ಒಂದು ದಿನದಲ್ಲಿ ಘಟಿಸುವ ಸಂಗತಿಯಲ್ಲ. ಅದಕ್ಕೆ ಮುಂಚಿನ ನಾಲ್ಕರಿಂದ ಎಂಟು ವರ್ಷಗಳ ಏರುಪೇರಿನ ಅವಧಿಯನ್ನು ಪೆರಿಮೆನೋಪಾಸ್, ಅಂದರೆ ಋತುಬಂಧಪೂರ್ವ ಕಾಲ, ಎನ್ನುತ್ತಾರೆ. ನಮ್ಮ ಅಜ್ಜಿಯಂದಿರ ಬಾಯಲ್ಲಿ 'ಮುಟ್ಟು ನಿಂತಿತು' ಎಂಬ ಮಾತಿತ್ತೇ ಹೊರತು, ಅದಕ್ಕೆ ಮುಂಚಿನ ಈ ವರ್ಷಗಳಿಗೆ ಪ್ರತ್ಯೇಕ ಹೆಸರನ್ನು ನಾವು ಕೇಳಿಲ್ಲ. ಅದರಿಂದಲೋ ಏನೋ, ಆಗಿನ ನಿದ್ದೆಗೇಡು, ಸಿಡುಕು, ಕೀಲುನೋವುಗಳೆಲ್ಲ 'ವಯಸ್ಸಾಯಿತಲ್ಲ' ಎಂಬ ಒಂದೇ ಉತ್ತರದಲ್ಲಿ ಮುಗಿದುಹೋಗುತ್ತಿದ್ದವು.

ಈ ಕಾಲದಲ್ಲಿ ಈಸ್ಟ್ರೋಜನ್ ಹಾರ್ಮೋನು ಮೆಲ್ಲಮೆಲ್ಲನೆ ಇಳಿಯುತ್ತದೆಂಬ ಗ್ರಹಿಕೆ ಸಾಮಾನ್ಯ. ವಾಸ್ತವದಲ್ಲಿ ಅದು ಒಂದು ತಿಂಗಳು ಹಿಂದೆಂದಿಗಿಂತ ಮೇಲೇರಿ, ಮರುತಿಂಗಳು ತಳಮುಟ್ಟುವುದುಂಟು. ಅಂಡಾಶಯದಿಂದ ಅಂಡ ಬಿಡುಗಡೆಯಾಗದ ತಿಂಗಳುಗಳಲ್ಲಿ ಪ್ರೊಜೆಸ್ಟರಾನ್ ಉತ್ಪತ್ತಿಯಾಗುವುದಿಲ್ಲ. ಈ ಅಂಕೆ ತಪ್ಪಿದಾಗ ಗರ್ಭಕೋಶದ ಒಳಪೊರೆ ದಪ್ಪವಾಗಿ ಬೆಳೆಯುತ್ತದೆ. ಕಳಚುವಾಗ ಸ್ರಾವ ವಿಪರೀತವಾಗುತ್ತದೆ. ಎರಡು ತಿಂಗಳು ಮುಟ್ಟಿಲ್ಲ, ಮೂರನೆಯ ತಿಂಗಳು ಹತ್ತು ದಿನ ನಿಲ್ಲುವುದೇ ಇಲ್ಲ ಎಂಬ ದೂರಿನ ಮೂಲ ಹಲವೊಮ್ಮೆ ಇದೇ. ಹಾರ್ಮೋನು ದಿನದಿಂದ ದಿನಕ್ಕೆ ಬದಲಾಗುವುದರಿಂದ 45 ದಾಟಿದವರಲ್ಲಿ ಒಂದು ಎಫ್‌ಎಸ್‌ಎಚ್ ರಕ್ತಪರೀಕ್ಷೆಯಿಂದ ಏನನ್ನೂ ನಿರ್ಧರಿಸಲಾಗದು. ವಯಸ್ಸು ಮತ್ತು ಲಕ್ಷಣಗಳೇ ಸಾಕು. ಪ್ರಯೋಗಾಲಯಗಳ ದುಬಾರಿ 'ಹಾರ್ಮೋನ್ ಪ್ಯಾಕೇಜು'ಗಳಿಗೆ ಹಣ ಸುರಿಯುವ ಬದಲು ಹಿಮೋಗ್ಲೋಬಿನ್, ಥೈರಾಯಿಡ್, ಸಕ್ಕರೆ, ಕೊಲೆಸ್ಟರಾಲ್ ಇವುಗಳನ್ನು ನೋಡಿಸುವುದು ಲೇಸು. ಥೈರಾಯಿಡ್ ದೋಷ ಮತ್ತು ರಕ್ತಹೀನತೆ ಇದೇ ಲಕ್ಷಣಗಳ ವೇಷ ತೊಟ್ಟು ಬರುತ್ತವೆ.

ಅತಿಸ್ರಾವದ ವಿಷಯದಲ್ಲಿ ನಾವು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. 'ಮಕ್ಕಳಾಗಿವೆ, ಇನ್ನೇಕೆ ಗರ್ಭಕೋಶ, ತೆಗೆಸಿಬಿಡಿ' ಎಂಬ ಸಲಹೆ ನಮ್ಮ ನಗರಗಳಲ್ಲಿಯೂ ಸುಲಭವಾಗಿ ಸಿಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 49 ವರ್ಷದ ನೂರು ಸ್ತ್ರೀಯರಲ್ಲಿ ಸುಮಾರು ಮೂವರಿಗೆ ಈ ಶಸ್ತ್ರಚಿಕಿತ್ಸೆ ಆಗಿತ್ತು. ಆಂಧ್ರಪ್ರದೇಶ ಮತ್ತು ತೆಲಂಗಾಣಗಳಲ್ಲಿ ಎಂಟಕ್ಕೂ ಹೆಚ್ಚು ಮಂದಿಗೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಣ್ಣುಮಕ್ಕಳ ಸಂಗತಿ 2019ರಲ್ಲಿ ದೇಶದ ಗಮನ ಸೆಳೆದಿತ್ತು. 2023ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು, ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ ರೂಪಿಸಿದ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಜಾರಿಗೆ ತರುವಂತೆ ರಾಜ್ಯಗಳಿಗೆ ಆದೇಶಿಸಿತು. ಕ್ಯಾನ್ಸರ್, ತೀರ ದೊಡ್ಡ ಗಡ್ಡೆ, ಬೇರಾವುದಕ್ಕೂ ಜಗ್ಗದ ಸ್ರಾವ ಇಂಥ ಸಂದರ್ಭಗಳಲ್ಲಿ ಶಸ್ತ್ರಚಿಕಿತ್ಸೆ ಅನಿವಾರ್ಯವಾಗಬಹುದು, ನಿಜ. ಅದಕ್ಕೆ ಮೊದಲು ಸ್ಕ್ಯಾನಿಂಗ್ ಆಗಬೇಕು. 45 ಮೀರಿದವರಲ್ಲಿ ಸ್ರಾವ ಅಸಹಜವಾಗಿದ್ದರೆ ಒಳಪೊರೆಯ ತುಣುಕಿನ ಪರೀಕ್ಷೆಯೂ ಆಗಬೇಕು. ಸ್ರಾವ ತಗ್ಗಿಸುವ ಮಾತ್ರೆಗಳಿವೆ, ಪ್ರೊಜೆಸ್ಟರಾನ್ ಇದೆ, ಗರ್ಭಕೋಶದೊಳಗೆ ಇರಿಸಿ ಐದಾರು ವರ್ಷ ಹಾರ್ಮೋನು ಒದಗಿಸುವ ಸಾಧನವೂ ಇದೆ. ಅಂಡಾಶಯಗಳನ್ನೂ ತೆಗೆದರೆ ಋತುಬಂಧ ಒಮ್ಮೆಲೇ ಬಂದೆರಗುತ್ತದೆ. ಎಳೆಯ ವಯಸ್ಸಿನಲ್ಲಾದರೆ ಮೂಳೆಗೂ ಹೃದಯಕ್ಕೂ ಅದರ ಪೆಟ್ಟು ಬೀಳುತ್ತದೆ. ಆದುದರಿಂದ 'ಅಂಡಾಶಯವನ್ನು ಉಳಿಸುತ್ತೀರಾ?' ಎಂದು ಮೊದಲೇ ಕೇಳಬೇಕು. ಎರಡನೆಯ ವೈದ್ಯರ ಅಭಿಪ್ರಾಯ ಪಡೆಯಲು ಸಂಕೋಚ ಬೇಡ. ಇನ್ನು, ವರ್ಷವಿಡೀ ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ತಡಮಾಡದೆ ತೋರಿಸತಕ್ಕದ್ದು.

ಕುಳಿತಲ್ಲಿಯೇ ಎದೆಯಿಂದ ಮುಖದವರೆಗೆ ಝಳ ಏರಿ ಬೆವರೊಡೆಯುವ 'ಹಾಟ್ ಫ್ಲಶ್' ಈ ಕಾಲದ ಅತ್ಯಂತ ಪರಿಚಿತ ಲಕ್ಷಣ. ಮಿದುಳಿನ ಹೈಪೊಥಲಾಮಸ್ ದೇಹದ ಶಾಖವನ್ನು ಕಾಯುತ್ತದೆ. ಈಸ್ಟ್ರೋಜನ್ ಏರುಪೇರಾದಾಗ ಅದು ಅತಿಸೂಕ್ಷ್ಮವಾಗಿ, ಅಲ್ಪ ಶಾಖಕ್ಕೂ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿಬಿಡುತ್ತದೆ. ಅಮೆರಿಕದ ಸ್ತ್ರೀಯರ ದೀರ್ಘಕಾಲದ ಅಧ್ಯಯನವೊಂದರಲ್ಲಿ ಈ ತೊಂದರೆ ಅರ್ಧಕ್ಕರ್ಧ ಮಂದಿಗೆ ಏಳು ವರ್ಷಕ್ಕಿಂತ ಹೆಚ್ಚು ಕಾಲ ಉಳಿದಿತ್ತು. ಹತ್ತಿಯ ಬಟ್ಟೆ, ಹಾಸಿಗೆಯ ಬಳಿ ಫ್ಯಾನು, ರಾತ್ರಿಯೂಟದಲ್ಲಿ ಖಾರದ ಮಿತಿ ಇವು ಸಣ್ಣ ಉಪಶಮನಗಳು. ಯೋಗವನ್ನು ನಾವು ಯಾರಿಗೂ ಬೇಡವೆನ್ನುವುದಿಲ್ಲ; ಆದರೆ ಅದು ಝಳವನ್ನೇ ತಡೆಯುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆಯಿಲ್ಲ. ಸೋಯಾ ಗುಳಿಗೆಗಳ ಮಾತೂ ಅಷ್ಟೆ. ವಿನಾಕಾರಣ ಅಳು, ಬೇಸರ, ಯಾವುದರಲ್ಲೂ ಆಸಕ್ತಿಯಿಲ್ಲದಿರುವಿಕೆ ಎರಡು ವಾರ ಮೀರಿದರೆ ಅದು ಸ್ವಭಾವದ ದೋಷವಲ್ಲ. ಈ ವರ್ಷಗಳಲ್ಲಿ ಖಿನ್ನತೆಯ ಸಂಭವವೇ ಹೆಚ್ಚು, ಅದಕ್ಕೆ ಚಿಕಿತ್ಸೆಯೂ ಉಂಟು.

ಮೂಳೆಯ ಸವೆತ ಕಣ್ಣಿಗೆ ಕಾಣದ ಸಂಗತಿ. ಕೊನೆಯ ಮುಟ್ಟಿನ ಹಿಂದುಮುಂದಿನ ವರ್ಷಗಳಲ್ಲಿ ಅದು ಅತಿ ವೇಗವಾಗಿ ನಡೆಯುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2020ರ ಶಿಫಾರಸಿನಂತೆ ವಯಸ್ಕ ಸ್ತ್ರೀಗೆ ದಿನಕ್ಕೆ 1000 ಮಿ.ಗ್ರಾಂ, ಋತುಬಂಧದ ನಂತರ 1200 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು. ಇಲ್ಲಿ ನಮ್ಮ ಅಡುಗೆಮನೆ ಬಡವಾಗಿಲ್ಲ. ನೂರು ಗ್ರಾಂ ರಾಗಿಹಿಟ್ಟಿನಲ್ಲಿ 350 ಮಿ.ಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ಎರಡು ರಾಗಿರೊಟ್ಟಿಯಿಂದಲೇ ಸುಮಾರು 200 ದೊರೆತೀತು. ಮುಂಬಯಿ–ಪುಣೆಗಳಲ್ಲಿ ನಾಚಣಿ, ಚೆನ್ನೈಯಲ್ಲಿ ಕೇಳ್ವರಗು ಎಂದು ಕೇಳಿದರೆ ಅಂಗಡಿಯವರು ಕೊಡುವುದು ಇದೇ ರಾಗಿಯನ್ನು. ನುಗ್ಗೆಸೊಪ್ಪು, ದಂಟಿನಸೊಪ್ಪು, ಹುರುಳಿ, ಸಿಪ್ಪೆ ತೆಗೆಯದ ಎಳ್ಳು, ಮೊಸರು ಎಲ್ಲವೂ ಒದಗುತ್ತವೆ. ಕರಾವಳಿಯ ಮನೆಗಳಲ್ಲಿ ಮುಳ್ಳುಸಹಿತ ತಿನ್ನುವ ಚಿಕ್ಕ ಬೂತಾಯಿ ಮೀನೂ ಕೂಡ. ಪಾಲಕ್‌ನಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂನ್ನು ಹಿಡಿದಿಟ್ಟುಕೊಳ್ಳುವುದರಿಂದ ಅದನ್ನು ನೆಚ್ಚಿ ಕೂರುವಂತಿಲ್ಲ. ಕಬ್ಬಿಣದ ಮಾತ್ರೆ ನುಂಗುವವರು ಅದನ್ನು ಕ್ಯಾಲ್ಸಿಯಂ ಮಾತ್ರೆಯೊಡನೆ ನುಂಗಬಾರದು. ಊಟದ ಬೆನ್ನಿಗೇ ಕಾಫಿ ಕುಡಿಯುವ ನಮ್ಮ ಪ್ರಿಯ ಅಭ್ಯಾಸವನ್ನೂ ಒಂದು ಗಂಟೆ ಮುಂದೂಡಬೇಕು. ಅನ್ನ ಸಾರಿನ ಊಟದಲ್ಲಿ ಕೊರತೆ ಬೀಳುವುದು ಪ್ರೋಟೀನು. ಬೇಳೆ ತಳದಲ್ಲಿ, ನೀರು ಮೇಲೆ ಇರುವ ತಿಳಿಸಾರಿನಿಂದ ಅದು ತುಂಬದು. ನಡಿಗೆಯ ಜೊತೆಗೆ ವಾರಕ್ಕೆರಡು ಬಾರಿಯಾದರೂ ತೂಕ ಎತ್ತುವ, ಸ್ನಾಯುಗಳನ್ನು ದುಡಿಸುವ ವ್ಯಾಯಾಮ ಬೇಕು.

ಹಾರ್ಮೋನು ಚಿಕಿತ್ಸೆಯೆಂದರೆ ಕ್ಯಾನ್ಸರ್ ಎಂಬ ಭಯ ಬೇರೂರಿದ್ದು 2002ರ ಜುಲೈಯಲ್ಲಿ, ಅಮೆರಿಕದ ಬೃಹತ್ ಪ್ರಯೋಗವೊಂದರ ಒಂದು ಭಾಗವನ್ನು ಅರ್ಧಕ್ಕೆ ನಿಲ್ಲಿಸಿದಾಗ. ಅದರಲ್ಲಿ ಭಾಗವಹಿಸಿದವರ ಸರಾಸರಿ ವಯಸ್ಸು 63 ಎಂಬುದು ಆಗ ಹೆಚ್ಚು ಸುದ್ದಿಯಾಗಲಿಲ್ಲ. 60ರೊಳಗಿನ, ಅಥವಾ ಋತುಬಂಧವಾಗಿ ಹತ್ತು ವರ್ಷ ಮೀರದ ಆರೋಗ್ಯವಂತ ಸ್ತ್ರೀಯರಲ್ಲಿ ತೀವ್ರ ಝಳಕ್ಕೆ ಇದೇ ಅತ್ಯಂತ ಪರಿಣಾಮಕಾರಿ ಮದ್ದು ಎಂಬುದು ಇಂದಿನ ತಜ್ಞರ ನಿಲುವು. 2025ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು ಈ ಔಷಧಗಳ ಮೇಲಿನ ಕಪ್ಪು ಚೌಕಟ್ಟಿನ ಎಚ್ಚರಿಕೆಗಳನ್ನು ತೆಗೆಯಿಸುವುದಾಗಿ ಪ್ರಕಟಿಸಿತು. ಗರ್ಭಕೋಶ ಇರುವವರು ಈಸ್ಟ್ರೋಜನ್ ಜೊತೆಗೆ ಪ್ರೊಜೆಸ್ಟರಾನ್ ವರ್ಗದ ಔಷಧವನ್ನೂ ಸೇವಿಸಬೇಕು. ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟಿದ ಇತಿಹಾಸ, ಯಕೃತ್ತಿನ ಕಾಯಿಲೆ, ಕಾರಣ ತಿಳಿಯದ ಸ್ರಾವ ಇದ್ದವರಿಗೆ ಇದು ಸಲ್ಲದು. ಯೋನಿಯ ಶುಷ್ಕತೆ, ಪದೇ ಪದೇ ಮೂತ್ರದ ಸೋಂಕು, ಕೆಮ್ಮಿದಾಗ ಮೂತ್ರ ಸೋರುವುದು ಇವನ್ನು ಗಂಡನೊಡನೆಯೂ ಹೇಳಿಕೊಳ್ಳದೆ ನುಂಗುವವರು ಬಹಳ. ಮೊದಲೆರಡಕ್ಕೆ ಸ್ಥಳೀಯವಾಗಿ ಹಚ್ಚುವ ಅಲ್ಪಪ್ರಮಾಣದ ಈಸ್ಟ್ರೋಜನ್ ಕ್ರೀಮು, ಕೊನೆಯದಕ್ಕೆ ಕಿಬ್ಬೊಟ್ಟೆಯ ತಳದ ಸ್ನಾಯುಗಳ ವ್ಯಾಯಾಮ ಗುಣ ಕೊಡುತ್ತವೆ.

ಮುಟ್ಟು ತಪ್ಪುತ್ತಿದೆಯೆಂದು ಗರ್ಭನಿರೋಧಕವನ್ನು ಬಿಡುವಂತಿಲ್ಲ: ಕೊನೆಯ ಮುಟ್ಟು 50ರೊಳಗೆ ಆಗಿದ್ದರೆ ಎರಡು ವರ್ಷ, 50ರ ನಂತರವಾದರೆ ಒಂದು ವರ್ಷ ಅದನ್ನು ಮುಂದುವರಿಸಬೇಕು. ವೈದ್ಯರ ಬಳಿ ಹೋಗುವ ಮುನ್ನ ಮೂರು ತಿಂಗಳ ಲೆಕ್ಕವನ್ನು, ಎಂದು ಆರಂಭ, ಎಷ್ಟು ದಿನ, ದಿನಕ್ಕೆ ಎಷ್ಟು ಪ್ಯಾಡು, ರಾತ್ರಿ ಎಷ್ಟು ಬಾರಿ ಎಚ್ಚರ ಎಂಬುದನ್ನು, ಅಡುಗೆಮನೆಯ ಗೋಡೆಯ ಪಂಚಾಂಗದ ಮೇಲೆಯೇ ಗುರುತು ಹಾಕಿಕೊಂಡರೂ ಸಾಕು. ಹತ್ತು ನಿಮಿಷದ ಭೇಟಿಯಲ್ಲಿ ವೈದ್ಯರು ಕೇಳುವುದು ಇವನ್ನೇ.