ಹಳೆಯ ಅಲ್ಯೂಮಿನಿಯಂ ಮೋಟಾರು ದೋಣಿಗಳ ಪುನರುಜ್ಜೀವನ

ಹಳೆಯ ಅಲ್ಯೂಮಿನಿಯಂ ಮೋಟಾರು ದೋಣಿಗಳ ಪುನರುಜ್ಜೀವನ ಎಂಬುದು ಎರಡನೇ ಮಹಾಯುದ್ಧದ ನಂತರದ ದಶಕಗಳಲ್ಲಿ, ಮುಖ್ಯವಾಗಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ತಯಾರಾದ ಅಲ್ಯೂಮಿನಿಯಂ ಒಡಲಿನ ಸಣ್ಣ ವಿಹಾರ ದೋಣಿಗಳನ್ನು ದುರಸ್ತಿಗೊಳಿಸಿ ಮತ್ತೆ ನೀರಿಗಿಳಿಸುವ ಹವ್ಯಾಸ ಹಾಗೂ ಕುಶಲಕಲೆಯಾಗಿದೆ. ಅಲ್ಯೂಮಿನಿಯಂ ಕಬ್ಬಿಣದಂತೆ ತುಕ್ಕು ಹಿಡಿಯುವುದಿಲ್ಲ, ಮರದಂತೆ ಕೊಳೆಯುವುದೂ ಇಲ್ಲ. ಆದ್ದರಿಂದ ಅರ್ಧ ಶತಮಾನಕ್ಕೂ ಹಳೆಯದಾದ ಅನೇಕ ದೋಣಿಗಳ ಲೋಹದ ಒಡಲು ಇಂದಿಗೂ ಬಳಕೆಗೆ ಯೋಗ್ಯವಾಗಿದೆ. ಆದರೆ ಒಡಲಿನೊಳಗೆ ಮರೆಯಾಗಿರುವ ಮರ, ನೊರೆ ತುಂಬಿಕೆ ಮತ್ತು ಅನ್ಯಲೋಹದ ಜೋಡಣೆಗಳು ಅಷ್ಟು ಕಾಲ ಬಾಳುವುದಿಲ್ಲ. ದೋಣಿಯ ಸುರಕ್ಷತೆ ಹೊರಮೈಯ ಹೊಳಪಿಗಿಂತ ಹೆಚ್ಚಾಗಿ ಈ ಕಾಣದ ಭಾಗಗಳನ್ನು ಅವಲಂಬಿಸಿದೆ.

ಇತಿಹಾಸ

1886ರಲ್ಲಿ ಅಮೆರಿಕದ ಚಾರ್ಲ್ಸ್ ಮಾರ್ಟಿನ್ ಹಾಲ್ ಮತ್ತು ಫ್ರಾನ್ಸಿನ ಪಾಲ್ ಹೆರೂ ಪ್ರತ್ಯೇಕವಾಗಿ ಕಂಡುಹಿಡಿದ ವಿದ್ಯುದ್ವಿಭಜನೆಯ ವಿಧಾನದಿಂದ ಅಲ್ಯೂಮಿನಿಯಂ ಅಗ್ಗವಾಯಿತು. ಮುಂದಿನ ದಶಕದಲ್ಲೇ ಅದನ್ನು ದೋಣಿ ನಿರ್ಮಾಣಕ್ಕೆ ಬಳಸಲಾಯಿತು. 1895ರ ಅಮೆರಿಕಾಸ್ ಕಪ್ ಸ್ಪರ್ಧೆಗಾಗಿ ನಿರ್ಮಿಸಲಾದ 'ಡಿಫೆಂಡರ್' ಹಾಯಿನೌಕೆಯ ಕೆಳಭಾಗ ಕಂಚಿನದು, ಮೇಲ್ಭಾಗ ಅಲ್ಯೂಮಿನಿಯಮಿನದು, ಚೌಕಟ್ಟು ಉಕ್ಕಿನದು. ಈ ನೌಕೆ ಸ್ಪರ್ಧೆಯಲ್ಲಿ ಗೆದ್ದಿತಾದರೂ, ಉಪ್ಪುನೀರಿನಲ್ಲಿ ಭಿನ್ನ ಲೋಹಗಳ ಸಂಪರ್ಕದಿಂದ ಬೇಗನೆ ನಶಿಸತೊಡಗಿ 1901ರಲ್ಲಿ ಒಡೆಯಲ್ಪಟ್ಟಿತು.

ಎರಡನೇ ಮಹಾಯುದ್ಧದ ಕಾಲದಲ್ಲಿ ವಿಮಾನಗಳ ಅಗತ್ಯಕ್ಕಾಗಿ ಅಮೆರಿಕದ ಅಲ್ಯೂಮಿನಿಯಂ ಉತ್ಪಾದನೆ ಬಹಳವಾಗಿ ಹೆಚ್ಚಿತು. ಯುದ್ಧ ಮುಗಿದಾಗ ಲೋಹ, ಯಂತ್ರಗಳು ಮತ್ತು ರಿವೆಟ್ ಹೊಡೆಯಲು ಬಲ್ಲ ಕೆಲಸಗಾರರು ಹೊಸ ಉದ್ಯಮಗಳಿಗೆ ದೊರೆತರು. ಯುದ್ಧವಿಮಾನಗಳನ್ನು ತಯಾರಿಸುತ್ತಿದ್ದ ಗ್ರಮ್ಮನ್ ಸಂಸ್ಥೆ 1945ರಲ್ಲಿ ಅಲ್ಯೂಮಿನಿಯಂ ಕನೂ ದೋಣಿಗಳ ತಯಾರಿಕೆಯನ್ನು ಆರಂಭಿಸಿತು. 1946ರಲ್ಲಿ ಮಿನ್ನೆಸೋಟ ರಾಜ್ಯದಲ್ಲಿ ಅಲ್ಯೂಮಾಕ್ರಾಫ್ಟ್ ಮತ್ತು ಕ್ರೆಸ್ಟ್‌ಲೈನರ್ ಸಂಸ್ಥೆಗಳು, 1948ರಲ್ಲಿ ಅದೇ ರಾಜ್ಯದಲ್ಲಿ ಲಂಡ್ ಸಂಸ್ಥೆ ಹುಟ್ಟಿಕೊಂಡವು. ಅಟ್ಲಾಂಟದ ಫೆದರ್ ಕ್ರಾಫ್ಟ್ ಮತ್ತು ಟೆಕ್ಸಾಸಿನ ಲೋನ್ ಸ್ಟಾರ್ ಈ ಕಾಲದ ಇತರ ಪ್ರಸಿದ್ಧ ತಯಾರಕರು. 1950ರ ದಶಕದ ಕೆಲವು ಮಾದರಿಗಳಲ್ಲಿ ಅಂದಿನ ಕಾರುಗಳ ಪ್ರಭಾವದಿಂದ ರೆಕ್ಕೆಯಂತಹ ಹಿಂಬದಿ, ಎರಡು ಬಣ್ಣದ ಲೇಪ ಮತ್ತು ಬಾಗಿದ ಗಾಳಿತಡೆಗಳು ಕಾಣಿಸಿಕೊಂಡವು. ನಂತರ ಫೈಬರ್‌ಗ್ಲಾಸ್ ದೋಣಿಗಳ ಪ್ರಾಬಲ್ಯದಿಂದ ಇಂತಹ ಅಲಂಕೃತ ಮಾದರಿಗಳು ಹಿನ್ನೆಲೆಗೆ ಸರಿದವು. ಮೀನು ಹಿಡಿಯುವ ಸರಳ ಅಲ್ಯೂಮಿನಿಯಂ ದೋಣಿಗಳು ಮಾತ್ರ ಜನಪ್ರಿಯವಾಗಿ ಉಳಿದವು.

ರಚನೆ

ಅಲ್ಯೂಮಿನಿಯಂನ ಸಾಂದ್ರತೆ ಪ್ರತಿ ಘನ ಸೆಂಟಿಮೀಟರಿಗೆ ಸುಮಾರು 2.7 ಗ್ರಾಂ, ಅಂದರೆ ಉಕ್ಕಿನ ಮೂರನೇ ಒಂದರಷ್ಟು. ಸಣ್ಣ ದೋಣಿಗಳ ಹಾಳೆಗಳು ಸಾಮಾನ್ಯವಾಗಿ 1.5ರಿಂದ 2 ಮಿಲಿಮೀಟರ್ ದಪ್ಪವಿರುತ್ತವೆ. ಹಲವು ತಯಾರಕರು ಹಾಳೆಯನ್ನು ಅಚ್ಚಿನ ಮೇಲೆ ಎಳೆದು ಆಕಾರ ಕೊಟ್ಟು, ಎರಡು ಅರ್ಧಗಳನ್ನು ನಡುವಿನ ಅಡಿಗಟ್ಟಿನ ಉದ್ದಕ್ಕೂ ರಿವೆಟ್‌ಗಳಿಂದ ಜೋಡಿಸುತ್ತಿದ್ದರು.

ದೋಣಿಯ ಹಿಂಬದಿಯ ಗೋಡೆಯನ್ನು ಟ್ರಾನ್ಸಮ್ ಎನ್ನುತ್ತಾರೆ. ಔಟ್‌ಬೋರ್ಡ್ ಎಂಜಿನ್ ತೂಗುವುದು ಇದರ ಮೇಲೆಯೇ. ಅಲ್ಯೂಮಿನಿಯಂ ಹಾಳೆಗೆ ಬಲ ಕೊಡಲು ಇಲ್ಲಿ ಮರ ಅಥವಾ ಪ್ಲೈವುಡ್ಡನ್ನು ಸೇರಿಸಲಾಗುತ್ತಿತ್ತು. ದೋಣಿಯಲ್ಲಿ ನೀರು ತುಂಬಿದರೂ ಅದು ಮುಳುಗದಿರಲೆಂದು ಆಸನಗಳ ಕೆಳಗೆ ಹಗುರವಾದ ನೊರೆ ವಸ್ತುವನ್ನು ತುಂಬಲಾಗುತ್ತದೆ.

ಹಾಳಾಗುವ ಬಗೆ

ಗಾಳಿಗೆ ತೆರೆದುಕೊಂಡ ಅಲ್ಯೂಮಿನಿಯಂನ ಮೇಲೆ ತೆಳುವಾದ ಆಕ್ಸೈಡ್ ಪದರ ತಾನಾಗಿ ಮೂಡಿ ಲೋಹವನ್ನು ರಕ್ಷಿಸುತ್ತದೆ. ಗಾಳಿಯಾಡದ, ಸದಾ ಒದ್ದೆಯಾಗಿರುವ ಸಂದುಗಳಲ್ಲಿ ಈ ಪದರ ದುರ್ಬಲಗೊಂಡು ಲೋಹದಲ್ಲಿ ಸಣ್ಣ ಗುಳಿಗಳು ಬೀಳುತ್ತವೆ. ಒದ್ದೆ ನೆಲಹಾಸು, ಕೊಳೆತ ಎಲೆಗಳು ಮತ್ತು ನೀರು ಹೀರಿದ ನೊರೆಯ ಅಡಿಯಲ್ಲಿ ಇಂತಹ ಗುಳಿಗಳು ಹೆಚ್ಚು.

ಎರಡನೆಯ ಕಾರಣ ಭಿನ್ನ ಲೋಹಗಳ ಸಂಪರ್ಕ. ಅಲ್ಯೂಮಿನಿಯಂ ಮತ್ತು ತಾಮ್ರ, ಹಿತ್ತಾಳೆ ಅಥವಾ ತುಕ್ಕುರಹಿತ ಉಕ್ಕು ನೀರಿನಲ್ಲಿ ಪರಸ್ಪರ ತಾಗಿದ್ದರೆ ಬ್ಯಾಟರಿಯಂತಹ ವಿದ್ಯುತ್ ಕೋಶ ಉಂಟಾಗಿ, ಅಲ್ಯೂಮಿನಿಯಂ ಕರಗತೊಡಗುತ್ತದೆ. ಉಪ್ಪುನೀರಿನಲ್ಲಿ ಈ ಕ್ರಿಯೆ ತೀವ್ರವಾಗಿರುತ್ತದೆ. ಡಿಫೆಂಡರ್ ನೌಕೆಯ ಅಂತ್ಯಕ್ಕೆ ಕಾರಣವಾದದ್ದೂ ಇದೇ.

ಪುನರುಜ್ಜೀವನದ ಹಂತಗಳು

ಪರೀಕ್ಷೆ: ಮೊದಲು ಆಸನ, ನೆಲಹಲಗೆ ಮತ್ತು ಹಳೆಯ ನೊರೆಯನ್ನು ತೆಗೆಯಲಾಗುತ್ತದೆ. ನಂತರ ಒಡಲಿಗೆ ಕೆಳಗಿನಿಂದ ಚೆನ್ನಾಗಿ ಆಸರೆ ಕೊಟ್ಟು, ಒಳಗೆ ಸ್ವಲ್ಪ ನೀರು ತುಂಬಿ, ಹೊರಗೆ ಜಿನುಗುವ ಸ್ಥಳಗಳನ್ನು ಗುರುತಿಸಲಾಗುತ್ತದೆ. ನೀರಿನ ಭಾರ ಹೆಚ್ಚಾದರೆ ಒಡಲೇ ಬಾಗಬಹುದಾದ್ದರಿಂದ ಅಂಚಿನವರೆಗೆ ತುಂಬಬಾರದು.

ರಿವೆಟ್‌ಗಳು: ಸಡಿಲವಾದ ರಿವೆಟ್‌ಗಳನ್ನು ಇಬ್ಬರು ಸೇರಿ ಬಿಗಿಗೊಳಿಸುತ್ತಾರೆ. ಒಬ್ಬರು ಹೊರಗಿನಿಂದ ರಿವೆಟ್ಟಿನ ತಲೆಗೆ ಬಡಿಯುವಾಗ ಇನ್ನೊಬ್ಬರು ಒಳಗೆ ಭಾರವಾದ ಉಕ್ಕಿನ ಗಟ್ಟಿಯನ್ನು ಒತ್ತಿ ಹಿಡಿಯುತ್ತಾರೆ. ಸವೆದವುಗಳನ್ನು ಕೊರೆದು ತೆಗೆದು ಹೊಸದನ್ನು ಹಾಕಲಾಗುತ್ತದೆ. ತೆಳು ಹಾಳೆಗಳಿಗೆ ಬೆಸುಗೆ ಹಾಕಿದರೆ ಶಾಖದಿಂದ ಲೋಹ ಸೊಟ್ಟಗಾಗಬಹುದು, ಅದರ ಬಲವೂ ಕುಗ್ಗಬಹುದು. ಆದ್ದರಿಂದ ರಿವೆಟ್ ದೋಣಿಗಳ ಬಿರುಕುಗಳಿಗೆ ಸಾಮಾನ್ಯವಾಗಿ ಅದೇ ಲೋಹದ ತೇಪೆಯನ್ನು ರಿವೆಟ್‌ಗಳಿಂದ ಕೂಡಿಸಿ, ಸಂದುಗಳಿಗೆ ಪಾಲಿಯುರಿಥೇನ್ ಅಂಟು ತುಂಬಲಾಗುತ್ತದೆ.

ಟ್ರಾನ್ಸಮ್: ಇದು ಪುನರುಜ್ಜೀವನದ ಅತಿ ಮುಖ್ಯ ಹಂತ. ಹೊರಗಿನ ಲೋಹ ಸರಿಯಾಗಿ ಕಂಡರೂ ಒಳಗಿನ ಮರ ಪುಡಿಯಾಗಿರಬಹುದು. ಅಂತಹ ದೋಣಿಯ ಎಂಜಿನ್ ವೇಗದಲ್ಲಿ ಕಿತ್ತುಬರುವ ಅಪಾಯವಿದೆ. ಹಳೆಯ ಮರವನ್ನೇ ಅಳತೆಯಾಗಿಟ್ಟುಕೊಂಡು ಹೊಸ ಮರೈನ್ ಪ್ಲೈವುಡ್ಡನ್ನು ಕತ್ತರಿಸಿ, ಅದರ ಎಲ್ಲ ಅಂಚುಗಳಿಗೂ ತೂತುಗಳ ಒಳಮೈಗೂ ಎಪಾಕ್ಸಿ ಬಳಿಯಲಾಗುತ್ತದೆ. ಕೊಳೆಯದಂತೆ ತಾಮ್ರದ ಲವಣಗಳಿಂದ ಸಂಸ್ಕರಿಸಿದ ಮರವನ್ನು ಇಲ್ಲಿ ಬಳಸಬಾರದು; ಅದರಲ್ಲಿರುವ ತಾಮ್ರ ಪಕ್ಕದ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ತುಕ್ಕುರಹಿತ ಉಕ್ಕಿನ ಬೋಲ್ಟುಗಳಿಗೆ ನೈಲಾನ್ ವಾಷರ್ ಅಥವಾ ಅಂಟು ಹಾಕಿ ಅವು ನೇರವಾಗಿ ಅಲ್ಯೂಮಿನಿಯಂಗೆ ತಾಗದಂತೆ ನೋಡಿಕೊಳ್ಳಲಾಗುತ್ತದೆ.

ಬಣ್ಣ: ಹಳೆಯ ಬಣ್ಣದಲ್ಲಿ ಸೀಸ ಮತ್ತು ಪ್ರೈಮರ್‌ನಲ್ಲಿ ವಿಷಕಾರಿ ಕ್ರೋಮೇಟ್ ಇರಬಹುದಾದ್ದರಿಂದ ಒಣಗಿರುವಾಗ ಉಜ್ಜಿ ಧೂಳೆಬ್ಬಿಸುವುದು ಹಾನಿಕರ. ಉಕ್ಕಿನ ತಂತಿಯ ಬ್ರಷ್ಷಿನಿಂದ ಉಜ್ಜಿದರೆ ಕಬ್ಬಿಣದ ಕಣಗಳು ಅಲ್ಯೂಮಿನಿಯಂನಲ್ಲಿ ಸಿಕ್ಕಿಕೊಂಡು ಮುಂದೆ ಕಲೆ ಮತ್ತು ಗುಳಿಗಳಾಗುತ್ತವೆ. ಮೇಲ್ಮೈಯನ್ನು ಶುಚಿಗೊಳಿಸಿದ ಕೂಡಲೇ ಆಕ್ಸೈಡ್ ಪದರ ಮತ್ತೆ ಮೂಡತೊಡಗುವುದರಿಂದ, ಅಲ್ಯೂಮಿನಿಯಂಗೆ ಹೊಂದುವ ಪ್ರೈಮರನ್ನು ತಡಮಾಡದೆ ಬಳಿಯಬೇಕಾಗುತ್ತದೆ. ಪಾಚಿ ತಡೆಯಲು ಬಳಸುವ ತಾಮ್ರಯುಕ್ತ ಬಣ್ಣ ಅಲ್ಯೂಮಿನಿಯಂ ಒಡಲಿಗೆ ಸಲ್ಲದು. ಕೆಲವರು ಬಣ್ಣ ಬಳಿಯದೆ ಲೋಹವನ್ನೇ ಕನ್ನಡಿಯಂತೆ ಉಜ್ಜಿಡುತ್ತಾರೆ. ಈ ಹೊಳಪನ್ನು ಆಗಾಗ ನವೀಕರಿಸಬೇಕಾಗುತ್ತದೆ.

ಎಂಜಿನ್

ಓಲ್ ಎವಿನ್‌ರೂಡ್ 1909ರಲ್ಲಿ ಮಾರಾಟಕ್ಕೆ ತಂದ ಎಂಜಿನ್ನಿನಿಂದ ಔಟ್‌ಬೋರ್ಡ್ ಎಂಜಿನ್‌ಗಳು ಜನಪ್ರಿಯವಾದವು. ಎವಿನ್‌ರೂಡ್, ಜಾನ್ಸನ್ ಮತ್ತು ಮರ್ಕ್ಯುರಿ ಎಂಜಿನ್‌ಗಳು ಹಳೆಯ ದೋಣಿಗಳಲ್ಲಿ ಹೆಚ್ಚಾಗಿ ಕಂಡುಬರುತ್ತವೆ. ಇವುಗಳಲ್ಲಿ ಬಹುಪಾಲು ಎರಡು ಹೊಡೆತದವು. ಪೆಟ್ರೋಲಿನೊಂದಿಗೆ ತೈಲವನ್ನು ಬೆರೆಸಿ ಬಳಸಬೇಕು. ಹಳೆಯ ಮಾದರಿಗಳಿಗೆ ಇಂದಿನವುಗಳಿಗಿಂತ ಹೆಚ್ಚು ತೈಲ ಬೇಕಾಗುವುದರಿಂದ ಆಯಾ ಮಾದರಿಯ ಕೈಪಿಡಿಯಲ್ಲಿರುವ ಪ್ರಮಾಣವನ್ನೇ ಅನುಸರಿಸಲಾಗುತ್ತದೆ.

ಬಹುಕಾಲ ನಿಂತಿದ್ದ ಎಂಜಿನ್ನಿನ ಕಾರ್ಬ್ಯುರೇಟರ್ ಶುಚಿಗೊಳಿಸಿ, ಬಿರುಕುಬಿಟ್ಟ ಇಗ್ನಿಷನ್ ಕಾಯಿಲ್‌ಗಳನ್ನೂ ತಂಪುನೀರಿನ ಪಂಪಿನ ರಬ್ಬರ್ ಚಕ್ರವನ್ನೂ ಬದಲಿಸುವುದು ವಾಡಿಕೆ. ನೀರಿಲ್ಲದೆ ಓಡಿಸಿದರೆ ಈ ಚಕ್ರ ಬೇಗನೆ ಹಾಳಾಗುವುದರಿಂದ ನೀರು ತುಂಬಿದ ಪೀಪಾಯಿಯಲ್ಲಿ ಎಂಜಿನ್ನಿನ ಕೆಳಭಾಗವನ್ನು ಮುಳುಗಿಸಿ ಪರೀಕ್ಷಿಸಲಾಗುತ್ತದೆ. ಎಥೆನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರ್ ಕೊಳವೆಗಳನ್ನು ಹಾಳುಮಾಡುವುದರಿಂದ ಅವುಗಳನ್ನೂ ಬದಲಿಸಲಾಗುತ್ತದೆ.

ಸುರಕ್ಷತೆ

ಅಮೆರಿಕದಲ್ಲಿ 1971ರ ಫೆಡರಲ್ ದೋಣಿ ಸುರಕ್ಷತಾ ಕಾಯಿದೆಯ ಬಳಿಕ, 20 ಅಡಿಗಿಂತ ಚಿಕ್ಕದಾದ ಬಹುತೇಕ ಹೊಸ ಮೋಟಾರು ದೋಣಿಗಳಲ್ಲಿ ಗರಿಷ್ಠ ಭಾರ ಮತ್ತು ಅಶ್ವಶಕ್ತಿಯನ್ನು ತಿಳಿಸುವ ಫಲಕ 1972ರ ನವೆಂಬರ್‌ನಿಂದ ಕಡ್ಡಾಯವಾಯಿತು. ಅದಕ್ಕೂ ಹಿಂದಿನ ದೋಣಿಗಳಲ್ಲಿ ಈ ಫಲಕ ಇಲ್ಲದಿರುವ ಸಂಭವ ಹೆಚ್ಚು. ಅವುಗಳಿಗೆ ಮೂಲ ತಯಾರಕರು ಸೂಚಿಸಿದ್ದಕ್ಕಿಂತ ಶಕ್ತಿಯುತ ಅಥವಾ ಭಾರವಾದ ಎಂಜಿನ್ ಹಾಕಿದರೆ ಹಿಂಬದಿ ತಗ್ಗಿ ನೀರು ಒಳನುಗ್ಗಬಹುದು; ಹಗುರವಾದ ಒಡಲು ತಿರುವಿನಲ್ಲಿ ಮಗುಚಲೂಬಹುದು.

ತೆಗೆದ ನೊರೆಯ ಜಾಗದಲ್ಲಿ ನೀರು ಹೀರದ ಹೊಸ ನೊರೆಯನ್ನು ತುಂಬದೆ ದೋಣಿಯನ್ನು ಬಳಸುವುದು ಅಪಾಯಕಾರಿ, ಏಕೆಂದರೆ ಅಲ್ಯೂಮಿನಿಯಂ ತಾನಾಗಿ ತೇಲುವುದಿಲ್ಲ. ವಿದ್ಯುತ್ ಮಂಡಲಕ್ಕೆ ಒಡಲನ್ನೇ ತಂತಿಯಂತೆ ಬಳಸದೆ, ಹೋಗುವ ಮತ್ತು ಮರಳುವ ಎರಡೂ ತಂತಿಗಳನ್ನು ಪ್ರತ್ಯೇಕವಾಗಿ ಎಳೆಯಲಾಗುತ್ತದೆ. ಚಾಲಕ ನೀರಿಗೆ ಬಿದ್ದರೆ ಎಂಜಿನ್ ನಿಲ್ಲಿಸುವ ಹಗ್ಗದ ಸ್ವಿಚ್ಚನ್ನೂ ಹಳೆಯ ದೋಣಿಗಳಿಗೆ ಅಳವಡಿಸಬಹುದು.

ಬಳಕೆ ಮತ್ತು ಮಹತ್ವ

ಪುನರುಜ್ಜೀವನಗೊಂಡ ದೋಣಿಗಳನ್ನು ಕೆರೆ ಸರೋವರಗಳಲ್ಲಿ ವಿಹಾರ, ಮೀನು ಹಿಡಿಯುವಿಕೆ ಮತ್ತು ಹಳೆಯ ದೋಣಿಗಳ ಮೇಳಗಳಿಗೆ ಬಳಸಲಾಗುತ್ತದೆ. ತೂಕ ಕಡಿಮೆಯಿರುವುದರಿಂದ ಸಣ್ಣ ಎಂಜಿನ್ ಸಾಕಾಗುತ್ತದೆ ಮತ್ತು ಸಾಧಾರಣ ಕಾರೇ ಟ್ರೇಲರನ್ನು ಎಳೆಯಬಲ್ಲದು. ಸಂಗ್ರಾಹಕರಲ್ಲಿ ಎರಡು ಒಲವುಗಳಿವೆ: ಕಾರ್ಖಾನೆಯಿಂದ ಹೊರಬಂದಂತೆ ಎಲ್ಲವನ್ನೂ ಹೊಸದಾಗಿಸುವುದು ಒಂದು, ಸುರಕ್ಷತೆಗೆ ಬೇಕಾದಷ್ಟನ್ನು ಮಾತ್ರ ಬದಲಿಸಿ ಮೂಲ ಬಣ್ಣ ಮತ್ತು ಗುರುತುಗಳನ್ನು ಉಳಿಸುವುದು ಇನ್ನೊಂದು.

ಬಳಸಿದ ನಂತರ ಬಿರಡೆ ತೆಗೆದು ನೀರನ್ನು ಪೂರ್ತಿ ಹೊರಬಿಟ್ಟು ದೋಣಿಯನ್ನು ಒಣಗಿಸುವುದು ಒಡಲಿನ ಆಯುಷ್ಯವನ್ನು ಹೆಚ್ಚಿಸುತ್ತದೆ. 1988ರಲ್ಲಿ ಉತ್ತರ ಅಮೆರಿಕದ ಸೇಂಟ್ ಕ್ಲೇರ್ ಸರೋವರದಲ್ಲಿ ಪತ್ತೆಯಾದ ಜೀಬ್ರಾ ಚಿಪ್ಪುಜೀವಿಯಂತಹ ಆಕ್ರಮಣಕಾರಿ ಜೀವಿಗಳು ಒಂದು ಜಲಾಶಯದಿಂದ ಇನ್ನೊಂದಕ್ಕೆ ಹರಡದಂತೆ ತಡೆಯಲೂ ಇದು ಅಗತ್ಯ. ದುರಸ್ತಿಗೆ ಮೀರಿದ ದೋಣಿಯ ಲೋಹವೂ ವ್ಯರ್ಥವಾಗುವುದಿಲ್ಲ: ಅಲ್ಯೂಮಿನಿಯಂ ಅನ್ನು ಮರುಬಳಕೆಗೆ ಕರಗಿಸಲು, ಅದಿರಿನಿಂದ ಹೊಸದಾಗಿ ತೆಗೆಯಲು ಬೇಕಾಗುವ ಶಕ್ತಿಯ ಶೇಕಡಾ 5ರಷ್ಟು ಮಾತ್ರ ಸಾಕಾಗುತ್ತದೆ.